ಕೋಣೆಯ ಬಾಡಿಗೆ
ಕಂಪನಿಯವರು ಕೊಟ್ಟ ಮೂರು ಲಕ್ಷದ ಆರೋಗ್ಯವಿಮೆಯಿದ್ದೂ ತಂದೆಯ ಶಸ್ತ್ರಚಿಕಿತ್ಸೆಗೆ ಕೈಯಿಂದ ಇಷ್ಟೊಂದು ಹಣವನ್ನು ತೆರಬೇಕಾಯಿತೇಕೆಂದು ನೆರೆಮನೆಯ ತರುಣನೊಬ್ಬನು ಈ ವಾರ ಪಾಲಿಸಿಯ ಕಾಗದಗಳನ್ನು ನನ್ನ ಮುಂದೆ ಹರಡಿದಾಗ, ಮೊದಲ ಪುಟದ ದಪ್ಪಕ್ಷರದ ಮೊತ್ತಕ್ಕಿಂತ ಒಳಪುಟದ ‘ರೂಮ್ ರೆಂಟ್’ ಎಂಬ ಸಾಲೇ ಬಲಶಾಲಿಯಾದುದೆಂಬ ನನ್ನ ಬಹುದಿನದ ಅಭಿಪ್ರಾಯವು ದೃಢವಾಯಿತು. ದಿನಕ್ಕೆ ವಿಮಾಮೊತ್ತದ ಶೇ. 1, ಅಂದರೆ 3,000 ರೂಪಾಯಿಯ ಮಿತಿಯಿರುವಾಗ 6,000ದ ಕೋಣೆಯನ್ನು ಹಿಡಿದವನು ಹೆಚ್ಚಿನ ಬಾಡಿಗೆಯನ್ನಷ್ಟೇ ತೆತ್ತರೆ ಸಾಕೆಂದು ಭಾವಿಸುವನು. ಆದರೆ ಪ್ರಮಾಣಾನುಸಾರ ಕಡಿತದ ನಿಯಮವಿದ್ದಲ್ಲಿ ಸರ್ಜನ್ನರ ಸಂಭಾವನೆಯೂ ಆಪರೇಷನ್ ಥಿಯೇಟರಿನ ಶುಲ್ಕವೂ ವಿಮೆಯ ಲೆಕ್ಕದಲ್ಲಿ ಅರ್ಧಕ್ಕಿಳಿಯುವುವು. ಔಷಧಿಯ ಬೆಲೆ, ಪರೀಕ್ಷೆಗಳ ವೆಚ್ಚ ಮಾತ್ರ, ವಿಮಾ ಪ್ರಾಧಿಕಾರದ ಕೃಪೆಯಿಂದ, ಈ ಕತ್ತರಿಗೆ ಹೊರಗು. ಇದರ ಮೇಲೆ ತಂದೆತಾಯಿಯರ ಚಿಕಿತ್ಸೆಗೆ ‘ಕೋ-ಪೇ’ ಎಂಬ ಪಾಲುಗಾರಿಕೆ ಬೇರೆ! ವಿಚಿತ್ರವೆಂದರೆ, ತಿಂಗಳಿಗೆ 21,000 ರೂಪಾಯಿಯೊಳಗೆ ದುಡಿಯುವ ಪೀಣ್ಯದ ಕಾರ್ಮಿಕನು ತನ್ನ ವೇತನದ ಶೇ. 0.75ನ್ನು ಸಲ್ಲಿಸಿ ಪಡೆಯುವ ಇ.ಎಸ್.ಐ. ಚಿಕಿತ್ಸೆಗೆ ವೆಚ್ಚದ ಮಿತಿಯೆಂಬುದೇ ಇಲ್ಲ. ಅಲ್ಲಿಯ ಸರತಿಯ ಸಾಲು ದೀರ್ಘವಾದುದು, ನಿಜ, ಆದರೆ ರೋಗಿಯನ್ನು ಮಂಚಕ್ಕೇರಿಸುವ ಮುನ್ನ ಕೋಣೆಯ ದರವನ್ನು ಭಾಗಿಸಿ ನೋಡಬೇಕಾದ ದುರವಸ್ಥೆ ಅವನ ಮನೆಯವರಿಗಿಲ್ಲ.