ಹಾರ ಯೋಧನಿಗೆ, ಪ್ರಶ್ನೆ ದೆಹಲಿಗೆ
ಬೆಂಗಳೂರಿನ ವಿಜಯನಗರ, ರಾಜಾಜಿನಗರದ ಆಟೊಗಳ ಹಿಂದೆ ಯೋಧರಿಗೊಂದು ನಮಸ್ಕಾರ ಬರೆದಿರುವುದುಂಟು. ಒಳ್ಳೆಯದೇ. ಆದರೆ ಅವರನ್ನು ಕಳಿಸಿದ ಯುದ್ಧ ಸರಿಯೇ ಎಂದು ಯಾರಾದರೂ ಕೇಳಿದರೆ, ದೇಶದ್ರೋಹಿ ಎನಿಸಿಕೊಳ್ಳಲು ಮುಂದಿನ ಸಿಗ್ನಲ್ಲಿನವರೆಗೂ ಕಾಯಬೇಕಿಲ್ಲ. ಉದಾಹರಣೆಗೆ, 1987ರ ಜುಲೈನಲ್ಲಿ ಪ್ರಧಾನಿ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದದ ಬೆನ್ನಿಗೇ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಶಾಂತಿ ಕಾಯಲು ಹೋದವರು ಅಕ್ಟೋಬರ್ ಹೊತ್ತಿಗೆ ಅಲ್ಲಿನ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಕಾದಾಡುತ್ತಿದ್ದರು. ಸುಮಾರು 1,200 ಮಂದಿ ಜೀವಂತ ಮರಳಲಿಲ್ಲ. ಅದು ದೆಹಲಿಯ ತಪ್ಪು ಲೆಕ್ಕಾಚಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕಾದಾಟದ ನಡುವೆ ಸಿಕ್ಕ ಜಾಫ್ನಾದ ತಮಿಳು ಜನ ಪಟ್ಟ ಪಾಡನ್ನೂ ಮರೆಯಲಾಗದು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದರಾಸಿಗೆ ಬಂದಿಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಆ ಯುದ್ಧಕ್ಕೆ ಅವರ ವಿರೋಧ ಸರಿ, ಸಿಟ್ಟು ತೋರಿದ ಜಾಗ ತಪ್ಪು; ಒಪ್ಪಂದಕ್ಕೆ ಸಹಿ ಹಾಕಿದ್ದು ಜವಾನನಲ್ಲ. ಯುದ್ಧವನ್ನು ಒಪ್ಪದೆಯೂ ಯೋಧನನ್ನು ಗೌರವಿಸಬಹುದು. ನಮ್ಮದೇ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಈಟಿ ಹಿಡಿದು, ಕುದುರೆಯೇರಿ ಮಷಿನ್‌ಗನ್ನುಗಳ ಎದುರು ಹೋದ ಪಡೆ ಅದು, ಅದೂ ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ. ಆ ಸಾಮ್ರಾಜ್ಯವನ್ನು ಒಪ್ಪದೆಯೇ ನಾವು ಅಲ್ಲಿ ಹೂವಿಡುತ್ತೇವೆ, ಯಾರಿಗೂ ಕಸಿವಿಸಿಯಾಗುವುದಿಲ್ಲ. ನೂರು ವರ್ಷದ ಹಿಂದಿನ ಯುದ್ಧಕ್ಕಿರುವ ಈ ಸ್ವಾತಂತ್ರ್ಯ ಇಂದಿನದಕ್ಕೇಕಿಲ್ಲ? ಯೋಧರ ಮೇಲಿನ ಗೌರವವನ್ನೇ ಮತಕ್ಕೆ ಬಳಸುವುದೂ ಒಂದು ಕಾರಣ: ಸೈನಿಕರ ಫೋಟೊ ಪ್ರಚಾರಕ್ಕೆ ಬಳಸಬೇಡಿ ಎಂದು 2019ರಲ್ಲಿ ಚುನಾವಣಾ ಆಯೋಗವೇ ಪಕ್ಷಗಳಿಗೆ ಹೇಳಬೇಕಾಯಿತು. ಮತ ಕೇಳಲು ಮನೆ ಬಾಗಿಲಿಗೆ ಬಂದವರನ್ನು, ಯಾವ ಪಕ್ಷದವರಾದರೂ ಸರಿ, ಯೋಧರನ್ನು ಕಳಿಸುವ ಯುದ್ಧ ಸರಿಯೇ ಎಂಬ ಪ್ರಶ್ನೆ ಕೇಳಿಯೇ ಕಳಿಸಿ.