ಮನೆಯಲ್ಲಿ ಆಮೆ: ಕಾನೂನು ಮತ್ತು ಕರ್ತವ್ಯ

ಮುಂಬಯಿ, ಚೆನ್ನೈ, ಹೈದರಾಬಾದುಗಳಂತಹ ನಗರಗಳಲ್ಲಿ ಬಣ್ಣದ ಮೀನುಗಳನ್ನು ಮಾರುವ ಅಂಗಡಿಗಳ ಮುಂದೆ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಹಸುರು ಆಮೆಮರಿಗಳನ್ನು ನಮ್ಮ ವಾಚಕರು ಕಂಡಿರಬಹುದು. ಮಕ್ಕಳ ಹಟಕ್ಕೆ ಮಣಿದು ಕೊಳ್ಳುವವರುಂಟು. ವ್ಯಾಪಾರ ವೃದ್ಧಿಯಾದೀತೆಂಬ ನಂಬಿಕೆಯಿಂದ ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ ಗಾಜಿನ ಬೋಗುಣಿಯೊಳಗೆ ಇಡುವವರೂ ಉಂಟು. ಊರ ಬಾವಿಯಲ್ಲಿ ಆಮೆಯನ್ನು ಕಂಡು ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ತೋರಲಿಕ್ಕಿಲ್ಲ. ಆದರೆ ಈ ಚಿಕ್ಕ ವ್ಯವಹಾರದಲ್ಲಿ ಕಾನೂನು, ಆರೋಗ್ಯ ಮತ್ತು ಜೀವದಯೆಗೆ ಸಂಬಂಧಿಸಿದ ಪ್ರಶ್ನೆಗಳು ಅಡಗಿರುವುದರಿಂದ ಅವನ್ನು ಇಲ್ಲಿ ವಿವೇಚಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಮೊದಲನೆಯದು ಕಾನೂನು. ಮೈಮೇಲೆ ಹಳದಿ ನಕ್ಷತ್ರದ ಗೆರೆಗಳುಳ್ಳ ನಕ್ಷತ್ರ ಆಮೆಯೂ, ನಮ್ಮ ಕೆರೆ-ಗದ್ದೆಗಳಲ್ಲಿ ಕಾಣಸಿಗುವ ಮೆದುಚಿಪ್ಪಿನ ಆಮೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ಮೇಲೆ ಇಂತಹ ಅಪರಾಧಕ್ಕೆ 3ರಿಂದ 7 ವರ್ಷಗಳ ಸೆರೆಮನೆವಾಸವೂ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವೂ ವಿಧಿಸಲ್ಪಟ್ಟಿವೆ. ಹಣ ಕೊಟ್ಟು ಕೊಂಡರೂ, ಊರಿನಿಂದ ಬರುವಾಗ ಚೀಲದಲ್ಲಿ ಹಾಕಿಕೊಂಡು ತಂದರೂ ತಪ್ಪು ತಪ್ಪೇ. ಒಂದು ಮೂಕಪ್ರಾಣಿಯ ಮೋಹಕ್ಕಾಗಿ ದುಡಿದು ತಿನ್ನುವ ಸಂಸಾರಸ್ಥನು ಕೋರ್ಟು-ಕಚೇರಿ ಅಲೆಯುವಂತಾಗಬಾರದು.

ಅಂಗಡಿಗಳಲ್ಲಿ ಬಹಿರಂಗವಾಗಿ ಮಾರಲ್ಪಡುವುದು ಬೇರೊಂದು ಜಾತಿ. ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ, ಅಮೆರಿಕದ ಮಿಸಿಸಿಪಿ ಕಣಿವೆಯ ಆಮೆ. ಅದರ ಚಿಪ್ಪು ಬೆಳೆದು 10 ಅಂಗುಲ ದಾಟುವುದುಂಟು. ಸರಿಯಾಗಿ ಸಾಕಿದರೆ 20-30 ವರ್ಷ ಬದುಕುವುದುಂಟು. ಈ ಎರಡು ಸಂಗತಿಗಳನ್ನು ಮಾರುವವನು ಹೇಳುವುದು ವಿರಳ. ಕೊಳ್ಳುವವನು ಕೇಳುವುದೂ ವಿರಳ.

ಅದಕ್ಕೆ ತಕ್ಕ ವಸತಿ ಎಂತಹುದು? ಚಿಪ್ಪಿನ ಪ್ರತಿ ಅಂಗುಲಕ್ಕೆ ಸುಮಾರು 38 ಲೀಟರ್ ನೀರಿರಬೇಕೆಂಬುದು ಬಲ್ಲವರ ಲೆಕ್ಕ. ಬೆಳೆದ ಆಮೆಗೆ 380 ಲೀಟರಿನ ತೊಟ್ಟಿ. ನೀರಿನ ತೂಕವೇ ಸುಮಾರು ನಾಲ್ಕು ಕ್ವಿಂಟಲ್! ನೀರನ್ನು ಶೋಧಿಸುವ ಯಂತ್ರ ಬೇಕು. ಅದಿದ್ದರೂ ವಾರಕ್ಕೊಮ್ಮೆ ಕಾಲುಭಾಗದಷ್ಟನ್ನಾದರೂ ಬದಲಿಸಬೇಕು. ನೀರಿನಿಂದ ಪೂರ್ತಿಯಾಗಿ ಮೇಲೇರಿ ಮೈಯೊಣಗಿಸಿಕೊಳ್ಳಲು ಕಲ್ಲೋ ಹಲಗೆಯೋ ಇರಬೇಕು. ಅಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಬಿಸಿಲಿನ ನೇರಳಾತೀತ ಕಿರಣಗಳು ದೊರೆಯದಿದ್ದರೆ ಚಿಪ್ಪೂ ಎಲುಬೂ ಮೆದುವಾಗಿ ಪ್ರಾಣಿ ನರಳಿ ಸಾಯುತ್ತದೆ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಗಾಜಿನ ಮೂಲಕ ಬಂದ ಬಿಸಿಲು ಸಾಲದು; ಅದಕ್ಕೆಂದೇ ತಯಾರಾದ ದೀಪ ಬೇಕು. ನೀರು 24ರಿಂದ 27 ಡಿಗ್ರಿ ಬೆಚ್ಚಗಿರಬೇಕು. ದಿಲ್ಲಿಯ ಚಳಿಗಾಲದಲ್ಲಿ ಇದು ಹೀಟರಿಲ್ಲದೆ ಸಾಧ್ಯವಿಲ್ಲ. ಅನ್ನ, ಬ್ರೆಡ್ಡು ಅದರ ಆಹಾರವಲ್ಲ. ಮರಿಗೆ ಹೆಚ್ಚಾಗಿ ಹುಳು-ಮೀನು, ಬೆಳೆದ ಮೇಲೆ ಹೆಚ್ಚಾಗಿ ಸೊಪ್ಪು ಬೇಕು.

ಬೆಳಗ್ಗೆ ಒಂದು ತಾಸು ನಲ್ಲಿಯಲ್ಲಿ ನೀರು ಬರುವ ಚಾಳಿನ ಒಂದೇ ಖೋಲಿಯಲ್ಲಿ, ನಾಲ್ಕು ಮಂದಿ ಮಲಗುವ ಸ್ಥಳದಲ್ಲಿ, ಇದು ಸಾಧ್ಯವೇ? ವಾಚಕರೇ ಯೋಚಿಸಲಿ.

ಆರೋಗ್ಯದ ಮಾತು ಹೋಟೆಲು ಬಂಧುಗಳಿಗೆ ಇನ್ನೂ ಮುಖ್ಯವಾದುದು. ನೋಡಲು ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ರೋಗಾಣುಗಳಿರಬಹುದು. ವಾಂತಿ-ಭೇದಿಗೆ ಅದು ಕಾರಣ. ಮಕ್ಕಳಿಗೆ ಹರಡಿದ ಈ ರೋಗದ ದೆಸೆಯಿಂದಲೇ ಅಮೆರಿಕವು 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆಮೆಯ ತೊಟ್ಟಿಯನ್ನು ಅಡುಗೆಮನೆಯ ಮೋರಿಯಲ್ಲಿ ತೊಳೆಯಕೂಡದು. ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ತಟ್ಟೆ-ಲೋಟ ಮುಟ್ಟಕೂಡದು. ಉಣ್ಣುವ ಸ್ಥಳದಲ್ಲಿ ಆಮೆಯನ್ನಿಡದಿರುವುದೇ ಲೇಸು.

ಸಾಕಲಾರದೆ ಬೇಸತ್ತವರು ಪುಣ್ಯವೆಂದು ಬಗೆದು ದೇವಾಲಯದ ಕೊಳಕ್ಕೋ ಕೆರೆಗೋ ಬಿಡುತ್ತಾರೆ. ಇದು ಪುಣ್ಯವಲ್ಲ. ಜಗತ್ತಿನ ಅತಿ ಹಾನಿಕಾರಕ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಸ್ಥಳೀಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಅದು ಕಸಿದುಕೊಳ್ಳುತ್ತದೆ. ಯುರೋಪಿನ ಒಕ್ಕೂಟವು 1997ರಲ್ಲಿಯೇ ಅದರ ಆಮದನ್ನು ನಿಲ್ಲಿಸಿತು. ನಮ್ಮಲ್ಲಿ ಗುವಾಹಟಿಯ ದೇವಾಲಯದ ಕೊಳದಲ್ಲಿಯೂ ಕೇರಳದ ಜಲಾಶಯಗಳಲ್ಲಿಯೂ ಅದು ಈಗಾಗಲೇ ಕಂಡುಬಂದಿದೆ.

ದೇಶದ ಆಮೆಗೆ ಕಠಿಣ ರಕ್ಷಣೆ ನೀಡಿದ ಸರಕಾರವು ಪರದೇಶದ ಆಮೆಯ ಮಾರಾಟದ ಮೇಲೂ ಅಷ್ಟೇ ದೃಷ್ಟಿಯಿಡಬೇಕು. 2018ರ ನಿಯಮಗಳಂತೆ ಸಾಕುಪ್ರಾಣಿಗಳ ಅಂಗಡಿಗೆ ನೋಂದಣಿ ಕಡ್ಡಾಯವಾಗಿದೆ. ಅಂತಹ ಅಂಗಡಿಯವನು ಆಮೆಯ ಆಯುಷ್ಯವನ್ನೂ ಬೆಳವಣಿಗೆಯನ್ನೂ ಬರೆದು ತಿಳಿಸುವಂತಾಗಬೇಕು. ಸಾಕಲಾರದವರಿಂದ ಆಮೆಗಳನ್ನು ಮರಳಿ ಪಡೆಯುವ ಕೇಂದ್ರಗಳು ಪ್ರತಿ ದೊಡ್ಡ ನಗರದಲ್ಲಿರಬೇಕು.

ಅಲ್ಲಿಯವರೆಗೆ ನಮ್ಮವರ ಕರ್ತವ್ಯವು ಸ್ಪಷ್ಟವಿದೆ. ಈಗಾಗಲೇ ತಂದವರು ಅದಕ್ಕೆ ತಕ್ಕ ವಸತಿ ಒದಗಿಸಲಿ. ಆಗದಿದ್ದರೆ ಕೆರೆಗೆ ಬಿಡದೆ ಅನುಕೂಲವುಳ್ಳವರಿಗೋ ಪ್ರಾಣಿದಯಾ ಸಂಸ್ಥೆಗೋ ಒಪ್ಪಿಸಲಿ. ದೇಶದ ಆಮೆಯಾದರೆ ಅರಣ್ಯ ಇಲಾಖೆಗೆ ತಿಳಿಸಲಿ. ತರದವರು ತರದಿರಲಿ. ಪರಊರಿನಲ್ಲಿ ಇಕ್ಕಟ್ಟಿನ ಖೋಲಿಯ ಕಷ್ಟವನ್ನು ಉಂಡವರೇ ನಾವು; ಅದೇ ಕಷ್ಟವನ್ನು ಇನ್ನೊಂದು ಜೀವಕ್ಕೆ ಆಯುಷ್ಯಪೂರ್ತಿ ಕಟ್ಟಿಡುವುದು ನಮಗೆ ಶೋಭಿಸದು.