ಎಂಟು ಜ್ಞಾನಪೀಠ ಗೊತ್ತು, ಎಂಟು ಪುಸ್ತಕ ಗೊತ್ತೆ?



ಮೈಕು ಸಿಕ್ಕಿದರೆ ಸಾಕು, ನಮ್ಮ ಹುಡುಗರ ಬಾಯಿಂದ ಮೊದಲು ಬರುವ ಮಾತು ಒಂದೇ: ‘ಕನ್ನಡಕ್ಕೆ ಎಂಟು ಜ್ಞಾನಪೀಠ!’ ಗಣೇಶನ ಪೆಂಡಾಲಿನಲ್ಲೂ ಅದೇ, ರಾಜ್ಯೋತ್ಸವದ ಆರ್ಕೆಸ್ಟ್ರಾ ನಡುವೆಯೂ ಅದೇ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಎಂಟು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೀರಿ. ಸಂತೋಷ. ಈಗ ಈ ಎಂಟು ಜನರದ್ದು ಒಂದೊಂದು ಪುಸ್ತಕವನ್ನು, ಶಾಲೆಯ ಪಠ್ಯದಲ್ಲಿ ಬಂದದ್ದು ಬಿಟ್ಟು, ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿದವರು ಕೈ ಎತ್ತಿ ನೋಡೋಣ.

ಎತ್ತಿದ ಕೈಗಳು ಬೆರಳೆಣಿಕೆಗೂ ಸಿಗುವುದಿಲ್ಲ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು.

ನಿಮ್ಮನ್ನು ಬೈಯುವುದಕ್ಕೆ ಈ ಮಾತು ಎತ್ತಲಿಲ್ಲ. ತಪ್ಪು ಹೆಚ್ಚಾಗಿ ನಿಮ್ಮದೂ ಅಲ್ಲ. ‘ಕನ್ನಡದಲ್ಲಿ ಏನಾದರೂ ಓದಬೇಕು, ಏನು ಓದಲಿ ಸಾರ್?’ ಎಂದು ಒಬ್ಬ ಹುಡುಗ ಕೇಳಿದರೆ ನಮ್ಮ ದೊಡ್ಡವರು ಏನು ಮಾಡುತ್ತಾರೆ? ಕನ್ನಡಕ ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, ‘ಮಲೆಗಳಲ್ಲಿ ಮದುಮಗಳು ಓದಪ್ಪಾ’ ಎನ್ನುತ್ತಾರೆ. 1967ರಲ್ಲಿ ಬಂದ ಆ ಕಾದಂಬರಿ ಎಂಥದು ಎಂಬುದರ ಬಗ್ಗೆ ನಮ್ಮ ತಕರಾರಿಲ್ಲ. ಅದು ಕಾಡು. ಆದರೆ ಹತ್ತನೇ ತರಗತಿಯ ನಂತರ ಕನ್ನಡದಲ್ಲಿ ಒಂದು ಪುಟವನ್ನೂ ಓದದ ಹುಡುಗನನ್ನು ಮೊದಲ ದಿನವೇ ಆ ಕಾಡಿನ ನಡುವೆ ಬಿಟ್ಟು ಬಂದರೆ ಅವನು ಏನಾಗಬೇಕು? ಯಾರು ಗುತ್ತಿ, ಯಾರು ಐತ, ಯಾವ ಮನೆಯ ಗೌಡರು ಯಾರು ಎಂಬುದು ತಿಳಿಯದೆ ನಲವತ್ತನೇ ಪುಟಕ್ಕೆ ಮುಚ್ಚಿಡುತ್ತಾನೆ. ‘ಕನ್ನಡ ಪುಸ್ತಕ ನಮಗಲ್ಲ ಬಿಡು’ ಎಂದು ತೀರ್ಮಾನ ಮಾಡಿಬಿಡುತ್ತಾನೆ. ಒಬ್ಬ ಓದುಗನನ್ನು ಕಳೆದುಕೊಂಡೆವು. ಕಳೆದದ್ದು ಹೇಳಿದವರಿಂದ.

ಸಿನಿಮಾ ವಿಷಯದಲ್ಲಿ ನಾವು ಹೀಗೆ ಮಾಡುವುದಿಲ್ಲ. ಎದುರಿಗಿರುವವನು ಯಾರು, ಅವನಿಗೆ ಏನು ಹಿಡಿಸುತ್ತೆ ಎಂದು ನೋಡಿ, ‘ಮಗಾ, ಇದು ನಿನಗೆ ಇಷ್ಟ ಆಗುತ್ತೆ’ ಎನ್ನುತ್ತೇವೆ. ಪುಸ್ತಕವನ್ನೂ ಹಾಗೇ ಹೇಳಬೇಕು. ಪಂಡಿತರ ಪಟ್ಟಿ ಪಕ್ಕಕ್ಕಿರಲಿ. ಓದಿದವನೊಬ್ಬ ಓದದವನಿಗೆ ಚಹಾ ಅಂಗಡಿಯಲ್ಲಿ ನಿಂತು ಹೇಳುವ ಹಾಗೆ ಹೇಳೋಣ.

ಕಂಪನಿ ಕೆಲಸದಲ್ಲಿ ಇದ್ದೀರಾ? ಮ್ಯಾನೇಜರ್ ನಗುನಗುತ್ತಾ ಮಾತಾಡಿಸಿದರೂ ಬೆನ್ನಲ್ಲಿ ಚಳಿ ಹುಟ್ಟುತ್ತದಾ? ಯಶವಂತ ಚಿತ್ತಾಲರ ‘ಶಿಕಾರಿ’ ಹಿಡಿಯಿರಿ. 1979ರ ಕಾದಂಬರಿ. ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಮೇಲಿನ ಹುದ್ದೆಯಲ್ಲಿರುವ ನಾಗಪ್ಪನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ದೂರ ಇಡುತ್ತಾರೆ. ಏಕೆ, ಯಾರು ಮಾಡಿಸಿದ್ದು, ಅವನಿಗೆ ಗೊತ್ತಿಲ್ಲ. ಬೇಟೆಯಾಡುವವರು ಯಾರು, ಬೇಟೆಯ ಪ್ರಾಣಿ ಯಾರು ಎಂದು ಹುಡುಕುತ್ತಾ ಹೋಗುತ್ತಾನೆ. ಚಿತ್ತಾಲರು ಸ್ವತಃ ಮುಂಬಯಿಯ ಕಂಪನಿಯಲ್ಲಿ ದುಡಿದ ಕೆಮಿಕಲ್ ತಂತ್ರಜ್ಞರು. ಕಂಪನಿಯ ಒಳಗಿನ ಹಾವುಗಳನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ನಲವತ್ತು ವರ್ಷ ದಾಟಿದ ಈ ಪುಸ್ತಕ ಓದಿ, ಆಮೇಲೆ ನಿಮ್ಮ ಆಫೀಸಿನ ಎಚ್‌ಆರ್ ಕಳಿಸುವ ಮೇಲ್ ಓದಿ. ಎರಡರ ವಾಸನೆಯೂ ಒಂದೇ.

ಕನ್ನಡ ಪುಸ್ತಕ ಅಂದರೆ ಬರೀ ಹಳ್ಳಿ, ಹೊಲ, ಗೌಡ, ಶಾನುಭೋಗ ಎಂದು ನಿಮಗೆ ಯಾರು ಹೇಳಿದರೋ ಕಾಣೆವು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೂರು ಚಿಲ್ಲರೆ ಪುಟದ ಸಣ್ಣ ಪುಸ್ತಕ. 2013ರಲ್ಲಿ ಬಂತು. ಬೆಂಗಳೂರಿನ ಒಂದು ಮನೆ. ಇರುವೆಗಳ ಕಾಟದ ಪುಟ್ಟ ಬಾಡಿಗೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಬದುಕುತ್ತಿದ್ದರು. ಚಿಕ್ಕಪ್ಪನ ಮಸಾಲೆ ಪುಡಿ ವ್ಯಾಪಾರ ಕೈಹಿಡಿಯಿತು. ದುಡ್ಡು ಬಂತು. ಮುಂದೆ ಏನಾಯಿತು ಎಂದು ನಾವು ಹೇಳುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಸಾಕು. ಓದಿ ಮುಗಿಸಿದ ಮೇಲೆ ನಿಮ್ಮದೇ ಮನೆಯ ಡೈನಿಂಗ್ ಟೇಬಲ್ ಬೇರೆ ಥರ ಕಾಣಿಸುತ್ತದೆ.

‘ಮುಂಗಾರು ಮಳೆ’ಯ ಹಾಡುಗಳನ್ನು ಬಾಯಿಪಾಠ ಮಾಡಿದವರಿಗೆ ಇನ್ನೊಂದು ಮಾತು. ಆ ಸಿನಿಮಾಕ್ಕೆ ಹಾಡು ಬರೆದ ಜಯಂತ ಕಾಯ್ಕಿಣಿಯವರು ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಮುಂಬಯಿಯ ಬಸ್ಸು, ಲೋಕಲ್ ಟ್ರೇನು, ಚಾಳು, ಸಿನಿಮಾ ಥಿಯೇಟರುಗಳ ಮೇಲೆ ಕತೆ ಬರೆದವರು. ‘ತೂಫಾನ್ ಮೇಲ್’ ಓದಿ. ಪಿ.ಜಿ.ಯಲ್ಲಿ ಒಂಟಿಯಾಗಿ ಬದುಕುವ ನಿಮಗಾಗಿಯೇ ಬರೆದ ಹಾಗಿದೆ.

ಶನಿವಾರ ಬಂದರೆ ಚಾರಣ ಅಂತ ಬೈಕು ಏರಿ ಪಶ್ಚಿಮಘಟ್ಟಕ್ಕೆ ಓಡುವವರು ತೇಜಸ್ವಿಯವರ ‘ಕರ್ವಾಲೊ’ ಓದದೆ ಮೂಡಿಗೆರೆ ಕಡೆ ಗಾಡಿ ತಿರುಗಿಸಬೇಡಿ. ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಒಬ್ಬ ವಿಜ್ಞಾನಿ. ಇವರೆಲ್ಲ ಸೇರಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೋಗುತ್ತಾರೆ. ನಗುತ್ತಾ ನಗುತ್ತಾ ಹೋದವರು ಕೊನೆಗೆ ಎಲ್ಲಿ ನಿಲ್ಲುತ್ತೀರಿ ಎಂಬುದೇ ಗೊತ್ತಾಗುವುದಿಲ್ಲ. ಓದಿ ರುಚಿ ಹತ್ತಿದರೆ ‘ಪರಿಸರದ ಕತೆ’, ಆಮೇಲೆ ‘ಜುಗಾರಿ ಕ್ರಾಸ್’. ಏಲಕ್ಕಿ ಮಾರಲು ಹೊರಟ ಗಂಡಹೆಂಡತಿ ಎಂಥ ಜಾಲಕ್ಕೆ ಸಿಕ್ಕಿಕೊಳ್ಳುತ್ತಾರೆ ನೋಡಿ. ಇಂಗ್ಲಿಷ್ ಥ್ರಿಲ್ಲರಿಗೆ ದುಡ್ಡು ಸುರಿಯುವವರು ಇದನ್ನು ಓದಿ ಮಾತಾಡಲಿ.

ತೇಜಸ್ವಿಗಿಂತ ಮೊದಲೇ ಕಾಡು ಸುತ್ತಿ, ನಗಿಸುತ್ತಾ ಸಸ್ಯಶಾಸ್ತ್ರ ಹೇಳಿದ ಪುಣ್ಯಾತ್ಮರೊಬ್ಬರಿದ್ದಾರೆ. ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರು. ‘ಹಸುರು ಹೊನ್ನು’ ಎಂಬ ಅವರ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಷಯ ಏನು? ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡಿನಲ್ಲಿ ಗಿಡಮರ ನೋಡಲು ಹೋದದ್ದು. ಅಷ್ಟೇ! ಗಿಡದ ಹೆಸರು, ಎಲೆ, ಹೂವು, ಹುಡುಗರ ಕೀಟಲೆ, ಮೇಷ್ಟರ ಕೊಂಕು ಎಲ್ಲ ಒಂದರೊಳಗೊಂದು ಬೆರೆತಿವೆ. ವಿಜ್ಞಾನ ಬರೆಯಲು ಕನ್ನಡ ಸಾಲದು ಎನ್ನುವ ಮಹಾಶಯರ ಮುಂದೆ ಈ ಪುಸ್ತಕ ಇಟ್ಟು ಸುಮ್ಮನೆ ನಿಂತುಕೊಳ್ಳಿ. ಅವರದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಇನ್ನೂ ಮಜಾ. ನಮ್ಮ ಸಾರಿನ ಮೆಣಸಿನಕಾಯಿ, ಪಲ್ಯದ ಆಲೂಗಡ್ಡೆ, ಚಟ್ನಿಯ ಟೊಮೆಟೊ, ನಮ್ಮ ಕಡಲೆಕಾಯಿ ಪರಿಷೆಯ ಕಡಲೆಕಾಯಿ ಕೂಡ ಸಮುದ್ರದಾಚೆಯಿಂದ ಬಂದವು. ಬಸವನಗುಡಿಯ ಮಂದಿಗೆ ಸ್ವಲ್ಪ ಕಸಿವಿಸಿ ಆಗಬಹುದು, ಆಗಲಿ.

ಪತ್ತೇದಾರಿ ಓದುವವರನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ಅವರ ಮಾತು ಕೇಳಬೇಡಿ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಕಾದು ನಿಂತ ಮಂದಿ, ಅಕ್ಷರ ಕಲಿತ ಕೈಗೆ ಮತ್ತೊಂದು ಪುಸ್ತಕ ಸಿಗಲಿ ಎಂದು ಕಾದ ಮಂದಿ. ಅವರಲ್ಲಿ ಎಷ್ಟೋ ಜನ ಅಲ್ಲಿಂದ ಅನಕೃ, ತರಾಸು, ಕಾರಂತ ಎಂದು ಮುಂದೆ ಹೋದರು. ಆ ಏಣಿಯ ಕೆಳಗಿನ ಮೆಟ್ಟಿಲನ್ನು ಕಿತ್ತು ಹಾಕಿ, ಹುಡುಗರು ಮೇಲೆ ಹತ್ತುತ್ತಿಲ್ಲ ಎಂದು ಗೋಳಾಡಿದರೆ ಹೇಗೆ? ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡರು. ಯಾವ ವಿಶ್ವವಿದ್ಯಾಲಯದ ವಿಚಾರ ಸಂಕಿರಣವೂ ಮಾಡದ ಕೆಲಸವನ್ನು ಆ ಮನುಷ್ಯ ಒಬ್ಬರೇ ಮಾಡಿದ್ದರು.

ಈಗ ಸ್ವಲ್ಪ ಕಷ್ಟದ ಮಾತು.

‘ಕನ್ನಡ, ಕನ್ನಡ’ ಎಂದು ಕೂಗುವಾಗ ನಮ್ಮ ತಲೆಯಲ್ಲಿರುವುದು ಯಾರ ಕನ್ನಡ? ರೇಡಿಯೋದ ಕನ್ನಡವಾ? ಸಿನಿಮಾ ಹೀರೋನ ಕನ್ನಡವಾ? ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಕೇರಿಯ ಮಾತಿನಲ್ಲಿ ಬರೆದರು. ಬೆಂಗಳೂರಿನವರೇ ‘ಅರ್ಥ ಆಗಲ್ಲ’ ಎಂದರು. ಅಕಾಡೆಮಿ ಪ್ರಶಸ್ತಿ 1990ರಲ್ಲಿ ಬಂತು, ಅದು ಬೇರೆ ಮಾತು. ಅರ್ಥ ಆಗದಿದ್ದರೆ ಗಟ್ಟಿಯಾಗಿ ಓದಿ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ. ಗೀತಾ ನಾಗಭೂಷಣರ ‘ಬದುಕು’ ಕಲಬುರಗಿಯ ಮಾತಿನದು. ಅಕಾಡೆಮಿ ಪ್ರಶಸ್ತಿ ಶುರುವಾದದ್ದು 1955ರಲ್ಲಿ, ಕನ್ನಡದ ಹೆಣ್ಣುಮಗಳೊಬ್ಬಳಿಗೆ ಅದು ಮೊದಲು ಬಂದದ್ದು 2004ರಲ್ಲಿ, ಈ ಪುಸ್ತಕಕ್ಕೆ. ಲೆಕ್ಕ ಹಾಕಿ.

ಸಿದ್ದಲಿಂಗಯ್ಯನವರ ‘ಊರುಕೇರಿ’ಯನ್ನು ಓದುತ್ತಾ ನೀವು ಬಸ್ಸಿನಲ್ಲಿ ಒಬ್ಬರೇ ನಗುತ್ತೀರಿ, ಪಕ್ಕದವರು ತಿರುಗಿ ನೋಡುತ್ತಾರೆ. ಹಸಿವು, ಅವಮಾನ, ಹಾಸ್ಟೆಲು, ದೆವ್ವ ಎಲ್ಲವನ್ನೂ ನಗಿಸುತ್ತಲೇ ಹೇಳುತ್ತಾರೆ. ನಗು ನಿಂತ ಮೇಲೆ ನಾವು ಯಾವುದಕ್ಕೆ ನಕ್ಕೆವು ಎಂದು ಗೊತ್ತಾಗುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಆ ನಗುವೂ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ. ‘ನಾವೆಲ್ಲ ಕನ್ನಡಿಗರು, ನಮ್ಮಲ್ಲಿ ಭೇದ ಇಲ್ಲ’ ಎಂದು ಮುಂದಿನ ಸಾರಿ ಭಾಷಣ ಮಾಡುವ ಮುನ್ನ ನಾಲಗೆ ಒಂದು ಗಳಿಗೆ ತಡೆಯುತ್ತದೆ. ತಡೆಯಲಿ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’, ಹನ್ನೆರಡು ಕತೆ. ನಾವೆಲ್ಲ ಸ್ಟೇಟಸ್ ಹಾಕಿದೆವು, ಪಟಾಕಿ ಹೊಡೆದೆವು. ಮಾರನೆಯ ದಿನ ಪುಸ್ತಕದ ಅಂಗಡಿಗೆ ಹೋದ ಎಷ್ಟೋ ಕನ್ನಡದ ಹುಡುಗರು ಕೊಂಡದ್ದು ಇಂಗ್ಲಿಷ್ ಪ್ರತಿ! ಅಲ್ಲಾ ಸ್ವಾಮಿ, ನಿಮ್ಮ ಭಾಷೆಯಲ್ಲೇ ಬರೆದ ಕತೆಯನ್ನು ಲಂಡನ್ ಸುತ್ತಿಸಿ ತಂದು ಓದುವುದೇಕೆ? ಅವರ ಮೊದಲ ಕಥಾಸಂಕಲನ ‘ಹೆಜ್ಜೆ ಮೂಡಿದ ಹಾದಿ’ 1990ರಲ್ಲೇ ಬಂದಿತ್ತು. ಮೂವತ್ತೈದು ವರ್ಷ ನಮ್ಮ ಪಕ್ಕದಲ್ಲೇ ಕೂತು ಬರೆಯುತ್ತಿದ್ದವರನ್ನು ಹೊರಗಿನವರು ಬೆರಳು ಮಾಡಿ ತೋರಿಸಬೇಕಾಯಿತು. ಅವರಿಗೂ ಮೊದಲು ಸಾರಾ ಅಬೂಬಕ್ಕರ್ ಇದ್ದರು. ಕಾಸರಗೋಡಿನವರು. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಅದರ ನಾದಿರಾಳನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಕಾಸರಗೋಡು ನಮ್ಮದು ಎಂದು ಕೂಗುವ ನಾವು ಕಾಸರಗೋಡಿನ ಹೆಣ್ಣುಮಗಳು ಏನು ಬರೆದಳು ಎಂಬುದನ್ನು ಓದಿರಬೇಕು, ಅಲ್ಲವೇ?

ತ್ರಿವೇಣಿಯವರ ‘ಶರಪಂಜರ’ವನ್ನು ಸಿನಿಮಾದಲ್ಲಿ ನೋಡಿ ಮುಗಿಸಿದ್ದೇವೆ ಎನ್ನುವವರಿಗೆ: ಕಲ್ಪನಾ ಅದ್ಭುತ, ಒಪ್ಪಿದೆವು. ಪುಸ್ತಕವೂ ಓದಿ. ಮನಸ್ಸಿನ ಕಾಯಿಲೆ ವಾಸಿಯಾದ ಹೆಂಗಸನ್ನು ಮನೆಯವರೇ ಮತ್ತೆ ಹೇಗೆ ಹುಚ್ಚಿ ಮಾಡುತ್ತಾರೆ ಎಂಬುದನ್ನು 1963ರಲ್ಲೇ ತೀರಿಕೊಂಡ ಈ ತಾಯಿ ಬರೆದಿಟ್ಟು ಹೋಗಿದ್ದಾರೆ.

ಚರಿತ್ರೆ ಬೇಕೆನ್ನುವವರಿಗೆ ಚಿತ್ರದುರ್ಗದ ಕೊನೆಯ ದಿನಗಳ ಮೇಲೆ ತರಾಸು ಬರೆದ ‘ದುರ್ಗಾಸ್ತಮಾನ’ ಇದೆ. ಹೊಸದು ಬೇಕೆಂದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’. ಲಿಸ್ಬನ್ನಿನಿಂದ ಹೊರಟು ವಿಜಯನಗರಕ್ಕೆ ಬರುತ್ತದೆ. ಹೊರದೇಶದ್ದು ಬೇಕೆನ್ನುವವರು ಪ್ರದೀಪ ಕೆಂಜಿಗೆ, ತೇಜಸ್ವಿ ಸೇರಿ ಕನ್ನಡಕ್ಕೆ ತಂದ ‘ಪ್ಯಾಪಿಲಾನ್’ ಓದಬಹುದು. ಜೈಲು ಮುರಿದು ಓಡುವವನ ಕತೆ. ರಾತ್ರಿ ನಿದ್ದೆ ಕೆಟ್ಟರೆ ನಮ್ಮನ್ನು ಕೇಳಬೇಡಿ.

ಅನಂತಮೂರ್ತಿ ಬಣ, ಭೈರಪ್ಪ ಬಣ ಎಂದು ಮೊಬೈಲಿನಲ್ಲಿ ಬೈದಾಡುವ ತಮ್ಮಂದಿರಿಗೆ ಒಂದೇ ಕೋರಿಕೆ. ಇಬ್ಬರೂ ಈಗಿಲ್ಲ, ಒಬ್ಬರು 2014ರಲ್ಲಿ ಹೋದರು, ಇನ್ನೊಬ್ಬರು 2025ರಲ್ಲಿ. ‘ಸಂಸ್ಕಾರ’ವನ್ನೂ ಓದಿ, ‘ಪರ್ವ’ವನ್ನೂ ಓದಿ. ಆಮೇಲೆ ಬೇಕಾದಷ್ಟು ಜಗಳ ಆಡಿ. ಓದಿ ಆಡುವ ಜಗಳಕ್ಕೆ ನಾವೂ ಬರುತ್ತೇವೆ.

‘ಇಂಗ್ಲಿಷ್ ಮೀಡಿಯಂ ಓದಿದ್ದು, ಕನ್ನಡ ನಿಧಾನ ಆಗುತ್ತೆ’ ಎಂದು ನಾಚುವವರು ನಾಚಬೇಡಿ. ದಿನಕ್ಕೆ ಐದು ಪುಟ ಓದಿ. ‘ಪರಿಸರದ ಕತೆ’ಯ ಒಂದು ಕತೆಗೆ ಅಷ್ಟು ಸಾಕು. ಎರಡು ತಿಂಗಳಲ್ಲಿ ಕಣ್ಣು ತಾನಾಗಿಯೇ ಓಡುತ್ತದೆ.

ದುಡ್ಡಿಲ್ಲ ಎಂಬ ನೆಪ ನಡೆಯುವುದಿಲ್ಲ. ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಸಿಗುತ್ತವೆ. ನವೆಂಬರಿನಲ್ಲಿ ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ. ನಿಮ್ಮ ಮನೆಯ ಆಸ್ತಿ ತೆರಿಗೆಯ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಬಾಡಿಗೆದಾರರೇ, ಅದು ನಿಮ್ಮ ಬಾಡಿಗೆಯ ಒಳಗೂ ಕೂತಿದೆ. ಆ ಕರ ಗ್ರಂಥಾಲಯ ಇಲಾಖೆಗೆ ಸರಿಯಾಗಿ ತಲುಪುವುದಿಲ್ಲ ಎಂಬ ದೂರು ಹಳೆಯದು. ನಿಮ್ಮ ವಾರ್ಡಿನ ಲೈಬ್ರರಿಗೆ ಹೋಗಿ ಸದಸ್ಯರಾಗಿ. ಈ ಪುಟದಲ್ಲಿ ಹೇಳಿದ ಪುಸ್ತಕ ಅಲ್ಲಿ ಇಲ್ಲದಿದ್ದರೆ, ತರಿಸಿಕೊಡಿ ಎಂದು ಬರೆದು ಕೊಡಿ. ಹತ್ತು ಜನ ಬರೆದು ಕೊಟ್ಟರೆ ತರಿಸಲೇಬೇಕಾಗುತ್ತದೆ.

ನಾವು ಬಿಟ್ಟದ್ದು ಬೇಕಾದಷ್ಟಿದೆ. ವೈದೇಹಿ, ಲಂಕೇಶ್, ಬೀಚಿ, ಗೊರೂರು, ಹೇಳುತ್ತಾ ಹೋದರೆ ಈ ಪತ್ರಿಕೆ ಸಾಲದು. ಅದನ್ನು ನೀವು ತುಂಬಿಸಿ. ನಿಮಗೆ ನಿದ್ದೆ ಕೆಡಿಸಿದ ಒಂದು ಕನ್ನಡ ಪುಸ್ತಕದ ಹೆಸರು, ಬರೆದವರ ಹೆಸರು, ಯಾರಿಗೆ ಓದಿಸಬೇಕು ಎಂದು ಮೂರು ಸಾಲು ಬರೆದು ಕಳಿಸಿ. ವಿಮರ್ಶೆ ಬೇಡ. ಬಂದದ್ದನ್ನೆಲ್ಲ ಬಂದ ಹಾಗೇ ಅಚ್ಚು ಹಾಕುತ್ತೇವೆ, ಕಾಗುಣಿತ ಮಾತ್ರ ತಿದ್ದುತ್ತೇವೆ.